ಎಂಟು ಸ್ಟಡ್ ಅಗಲದ ಬೋಗಿ: ಲೆಗೊ ರೈಲು, ಕಟ್ಟಡಗಳನ್ನು ಬಲ್ಲವರು ನೋಡುವ ಬಗೆ

ದೊಡ್ಡವರು ಲೆಗೊ ಬ್ರಿಕ್‌ಗಳಲ್ಲಿ, ಅಂದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳಲ್ಲಿ, ಕಟ್ಟಿದ ರೈಲೋ ಬೀದಿಯೋ ಕಣ್ಣಿಗೆ ಬಿದ್ದರೆ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಬ್ರಿಕ್ ಬೇಕಾಯಿತು? ಎಷ್ಟು ದಿನ ಹಿಡಿಯಿತು? ಈ ಹವ್ಯಾಸದಲ್ಲಿ ಮುಳುಗಿದವರು ಇವೆರಡನ್ನೂ ಅಷ್ಟಾಗಿ ಕೇಳುವುದಿಲ್ಲ. ಅವರು ಬೋಗಿಯನ್ನು ಮಗುಚಿ ತಳ ನೋಡುತ್ತಾರೆ. ತಿರುವಿನಲ್ಲಿ ಓಡಿಸಿ ನೋಡುತ್ತಾರೆ. ಕಿಟಕಿ ಗೋಡೆಯಿಂದ ಎಷ್ಟು ಒಳಗಿದೆ ಅಂತ ಬೆರಳಿಟ್ಟು ನೋಡುತ್ತಾರೆ. ಆಮೇಲೆ ಅಗಲವನ್ನು ಬ್ರಿಕ್ ಮೇಲಿನ ಉಬ್ಬುಗಳಲ್ಲಿ, ಅಂದರೆ ಸ್ಟಡ್‌ಗಳಲ್ಲಿ ಎಣಿಸಿ, "ಎಂಟು ಸ್ಟಡ್ ಯಾಕೆ, ಏಳು ಯಾಕಲ್ಲ?" ಅಂತ ಮಾತು ಶುರು ಮಾಡುತ್ತಾರೆ.

ಹೊರಗಿನಿಂದ ನೋಡಿದರೆ ಇದು ಸುಮ್ನೆ ತಪ್ಪು ಹುಡುಕುವ ಕೆಲಸ ಅನ್ನಿಸಬಹುದು. ಆದರೆ ಆ ಪ್ರಶ್ನೆಯ ಹಿಂದೆ ಒಂದು ಗಟ್ಟಿಯಾದ ಕಾರಣ ಇದೆ. ಲೆಗೊದಲ್ಲಿ ಅಗಲ, ಉದ್ದ, ತಿರುವು, ಬಣ್ಣ, ಗಟ್ಟಿತನ, ಇವೆಲ್ಲ ಒಟ್ಟಿಗೆ ಸರಿಯಾಗುವುದು ಸಾಧ್ಯವೇ ಇಲ್ಲ. ಒಂದನ್ನು ಉಳಿಸಿಕೊಳ್ಳಬೇಕಾದರೆ ಇನ್ನೊಂದನ್ನು ಬಿಡಬೇಕು. ಏನನ್ನು ಬಿಟ್ಟರು, ಯಾತಕ್ಕಾಗಿ ಬಿಟ್ಟರು ಅನ್ನುವುದನ್ನು ಹುಡುಕುವುದೇ ಇಲ್ಲಿ ನಿಜವಾದ ವಿಮರ್ಶೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಲೆಕ್ಕ ಗೊತ್ತಿರಬೇಕು. ಕಷ್ಟದ ಲೆಕ್ಕವೇನಲ್ಲ.

ಮೂರು ಅಳತೆಗಳು

ಲೆಗೊ ಕಂಪನಿ 1932ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್ ಅನ್ನುವ ಊರಲ್ಲಿ ಒಬ್ಬ ಬಡಗಿಯ ಕಾರ್ಖಾನೆಯಾಗಿ ಶುರುವಾಯಿತು. ಇವತ್ತು ನಾವು ಕಾಣುವ ಬ್ರಿಕ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆಗಿನ ಬ್ರಿಕ್ ಇವತ್ತಿನ ಬ್ರಿಕ್ ಮೇಲೂ ಸರಿಯಾಗಿ ಕೂರುತ್ತದೆ. ಅಂದರೆ ಅಂದು ಗೊತ್ತು ಮಾಡಿದ ಅಳತೆಗಳಿಗೆ ಇಂದಿಗೂ ಎಲ್ಲರೂ ಬದ್ಧರು.

ಬ್ರಿಕ್‌ನ ತಲೆಯ ಮೇಲಿರುವ ಗುಂಡನೆಯ ಉಬ್ಬಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್‌ನ ನಡುವಿನಿಂದ ಪಕ್ಕದ ಸ್ಟಡ್‌ನ ನಡುವಿಗೆ 8 ಮಿ.ಮೀ. ಬ್ರಿಕ್‌ನ ಎತ್ತರ 9.6 ಮಿ.ಮೀ. ತೆಳ್ಳಗಿನ ತುಂಡಿಗೆ ಪ್ಲೇಟ್ ಅಂತ ಹೆಸರು, ಅದರ ದಪ್ಪ 3.2 ಮಿ.ಮೀ. ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್ ಎತ್ತರ. ಇಷ್ಟೇ. ಅಗಲಕ್ಕೆ ಒಂದು ಅಳತೆ, ಎತ್ತರಕ್ಕೆ ಇನ್ನೊಂದು ಅಳತೆ. ಈ ಹವ್ಯಾಸದ ಅರ್ಧ ಜಾಣ್ಮೆ, ಅರ್ಧ ತಲೆನೋವು ಎರಡೂ ಹುಟ್ಟುವುದು ಇಲ್ಲೇ.

ಇನ್ನು ಪುಟ್ಟ ಗೊಂಬೆ, ಅಂದರೆ ಮಿನಿಫಿಗರ್. ಅದು ಬಂದದ್ದು 1978ರಲ್ಲಿ. ಎತ್ತರ ಸುಮಾರು 4 ಸೆಂ.ಮೀ. 170 ಸೆಂ.ಮೀ. ಎತ್ತರದ ಮನುಷ್ಯನಿಗೆ ಹೋಲಿಸಿದರೆ ಅದು ಸುಮಾರು 42ರಲ್ಲಿ ಒಂದು ಪಾಲು. ಹಾಗಾದರೆ ಎಲ್ಲವನ್ನೂ 1:42 ಪ್ರಮಾಣದಲ್ಲಿ ಕಟ್ಟಿದರೆ ಆಯಿತಲ್ಲ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಆ ಗೊಂಬೆ ಕುಳ್ಳಗೆ, ಅಗಲವಾಗಿದೆ. ತೋಳುಗಳೂ ಸೇರಿದರೆ ಮೂರು ಸ್ಟಡ್ ಹತ್ತಿರ ಬರುತ್ತದೆ. ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಹೆಚ್ಚುಕಡಿಮೆ ಒಂದು ಮೀಟರ್ ಅಗಲದ ಮನುಷ್ಯ! ಅವನಿಗೆ ತಕ್ಕ ಬಾಗಿಲು ಇಟ್ಟರೆ ಕಟ್ಟಡಕ್ಕೆ ಬಾಗಿಲು ದೊಡ್ಡದಾಯಿತು. ಕಟ್ಟಡಕ್ಕೆ ತಕ್ಕ ಬಾಗಿಲು ಇಟ್ಟರೆ ಗೊಂಬೆ ಒಳಗೆ ಹೋಗುವುದಿಲ್ಲ. ಹಾಗಾಗಿ "ಪ್ರಮಾಣ ಸರಿಯಿಲ್ಲ" ಅಂತ ಯಾರಾದರೂ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಅದರಿಂದ ಕಟ್ಟಿದವರಿಗೆ ಏನೂ ಸಿಗುವುದಿಲ್ಲ. ಯಾವುದಕ್ಕೆ ಹೋಲಿಸಿ ಸರಿಯಿಲ್ಲ ಅಂತ ಹೇಳಬೇಕು.

ಬೆಂಗಳೂರಿನವರಿಗೆ ಥಟ್ಟನೆ ಅಂದಾಜು ಸಿಗಲಿ ಅಂತ ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಮೂವತ್ತು ನಲವತ್ತರ ಸೈಟು ಈ ಪ್ರಮಾಣದಲ್ಲಿ ಸುಮಾರು 27 ಸ್ಟಡ್ ಅಗಲ, 36 ಸ್ಟಡ್ ಉದ್ದ ಆಗುತ್ತದೆ. ಅಂದರೆ ಸುಮಾರು 22 ಸೆಂ.ಮೀ. ಮತ್ತು 29 ಸೆಂ.ಮೀ. ಒಂದು ಮನೆಗೇ ಇಷ್ಟು ಜಾಗ. ಒಂದು ಬೀದಿ ಕಟ್ಟಬೇಕಾದರೆ ಊಟದ ಮೇಜು ಸಾಲುವುದಿಲ್ಲ.

ಹಳಿಯ ಮೇಲೆ ಎಲ್ಲ ಲೆಕ್ಕವೂ ಬಿಗಿ

ಕಟ್ಟಡದಲ್ಲಿ ಒಂದೆರಡು ಸ್ಟಡ್ ಆಚೀಚೆ ಆದರೆ ನಡೆಯುತ್ತದೆ. ರೈಲಿನಲ್ಲಿ ನಡೆಯುವುದಿಲ್ಲ. ಅದು ಓಡಬೇಕು, ತಿರುಗಬೇಕು, ಹಿಂದಿನ ಬೋಗಿಗಳನ್ನು ಎಳೆಯಬೇಕು. ಹಾಗಾಗಿ ಜಾಸ್ತಿ ವಾದ ನಡೆಯುವುದೂ ಇಲ್ಲೇ.

ಲೆಗೊ ಮೊದಲ ರೈಲು ಮಾಡಿದ್ದು 1966ರಲ್ಲಿ. ಅದು ಓಡುತ್ತಿದ್ದುದು 4.5 ವೋಲ್ಟ್ ಬ್ಯಾಟರಿಯಲ್ಲಿ. ಆಮೇಲೆ 12 ವೋಲ್ಟ್ ಬಂತು. 1991ರಲ್ಲಿ 9 ವೋಲ್ಟ್ ಬಂತು, ಅದರಲ್ಲಿ ಲೋಹದ ಹಳಿಯಲ್ಲೇ ಕರೆಂಟ್ ಹರಿಯುತ್ತಿತ್ತು. 2006ರ ಹೊತ್ತಿಗೆ ಕಂಪನಿ ಮತ್ತೆ ಬ್ಯಾಟರಿ ಕಡೆ ತಿರುಗಿತು, 2018ರಲ್ಲಿ ಮೊಬೈಲಿನಿಂದ ಓಡಿಸುವ ಪವರ್ಡ್ ಅಪ್ ಬಂತು. ಇಷ್ಟೆಲ್ಲ ಬದಲಾದರೂ ಎರಡು ಹಳಿಗಳ ನಡುವಿನ ಅಂತರ ಮಾತ್ರ ಬದಲಾಗಲಿಲ್ಲ. ಅದು ಸುಮಾರು 37.5 ಮಿ.ಮೀ.

ಈಗ ನಮ್ಮ ರೈಲನ್ನೇ ತೆಗೆದುಕೊಳ್ಳೋಣ. ಚೆನ್ನೈನ ಪೆರಂಬೂರಿನ ಐಸಿಎಫ್ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಾದ, ನಾವೆಲ್ಲ ರಾತ್ರಿ ಪ್ರಯಾಣ ಮಾಡಿರುವ ಆ ನೀಲಿ ಸ್ಲೀಪರ್ ಬೋಗಿ. ಅದರ ಅಗಲ 3,245 ಮಿ.ಮೀ., ಉದ್ದ 21,337 ಮಿ.ಮೀ. ಭಾರತದ ಬ್ರಾಡ್ ಗೇಜ್ 1,676 ಮಿ.ಮೀ. ಹಳಿಯ ಲೆಕ್ಕದಲ್ಲಿ ಹೋದರೆ ಪ್ರಮಾಣ ಸುಮಾರು 1:45. ಆಗ ಬೋಗಿಯ ಅಗಲ 72 ಮಿ.ಮೀ. ಬರುತ್ತದೆ. ಅಂದರೆ ಸರಿಯಾಗಿ ಒಂಬತ್ತು ಸ್ಟಡ್. ಕೇಳಲು ತುಂಬಾ ಚೆನ್ನಾಗಿದೆ. ಆದರೆ ಒಂಬತ್ತು ಬೆಸ ಸಂಖ್ಯೆ. ಚಕ್ರದ ಚೌಕಟ್ಟು, ಕೊಂಡಿ, ಮೋಟಾರು ಎಲ್ಲವೂ ಸಮ ಸಂಖ್ಯೆಯ ಅಗಲಕ್ಕೆ ತಕ್ಕಂತೆ ಆಗಿವೆ. ನಡುಮಧ್ಯ ಹಿಡಿಯಲು ಪ್ರತಿ ಕಡೆ ಅರ್ಧ ಸ್ಟಡ್ ಸರಿಸಬೇಕು. ಜೊತೆಗೆ ಒಂಬತ್ತರ ಅಗಲದ ಬೋಗಿ ನಿಜಕ್ಕೂ ದೊಡ್ಡದು, ತೂಕವೂ ಜಾಸ್ತಿ.

ಅದಕ್ಕೇ ಹೆಚ್ಚಿನವರು ಎಂಟಕ್ಕೆ ಇಳಿಯುತ್ತಾರೆ. ಕಂಪನಿಯ ಸಾಮಾನ್ಯ ಸೆಟ್‌ಗಳು ಬಹುಕಾಲದಿಂದ ಆರು ಸ್ಟಡ್ ಅಗಲದವು. ಆರರಲ್ಲಿ ಕಟ್ಟಿದ ರೈಲು ಚುರುಕಾಗಿ ಓಡುತ್ತದೆ, ಪೇಟೆ ಬೀದಿಯ ಪಕ್ಕ ಮುದ್ದಾಗಿ ಕಾಣುತ್ತದೆ. ಆದರೆ ನಿಜವಾದ ರೈಲಿನ ವಿವರ ತುಂಬಲು ಜಾಗ ಇರುವುದಿಲ್ಲ. ಏಳರಲ್ಲಿ ಕಟ್ಟುವವರೂ ಇದ್ದಾರೆ. ಆರರ ಚುರುಕು, ಎಂಟರ ವಿವರ ಎರಡೂ ಸ್ವಲ್ಪ ಸ್ವಲ್ಪ ಸಿಗುತ್ತದೆ ಅನ್ನುವುದು ಅವರ ವಾದ. ನನ್ನ ಮಟ್ಟಿಗೆ ಭಾರತದ ಬೋಗಿಗೆ ಎಂಟೇ ಸರಿ. ನಮ್ಮ ಬೋಗಿಗಳು ಅಗಲವಾದವು. ಆರಕ್ಕೆ ಇಳಿಸಿದರೆ ಆ ದೊಡ್ಡ ಮೈಕಟ್ಟೇ ಹೋಗಿಬಿಡುತ್ತದೆ.

ಎಂಟು ಸ್ಟಡ್ ಅಂದರೆ ಪ್ರಮಾಣ ಸುಮಾರು 1:51. ಆ ಲೆಕ್ಕದಲ್ಲಿ ಬೋಗಿಯ ಉದ್ದ 53 ಸ್ಟಡ್ ಹತ್ತಿರ ಬರುತ್ತದೆ, ಅಂದರೆ 42 ಸೆಂ.ಮೀ. ಇಂತಹ ಹತ್ತು ಬೋಗಿ ಸೇರಿಸಿದರೆ ನಾಲ್ಕು ಮೀಟರ್ ದಾಟುತ್ತದೆ. ಮನೆಯಲ್ಲಿ ಎಲ್ಲಿ ಓಡಿಸುವುದು? ಆದ್ದರಿಂದ ಉದ್ದವನ್ನು ಕುಗ್ಗಿಸುತ್ತಾರೆ. ಕುಗ್ಗಿಸುವುದರಲ್ಲೂ ಒಂದು ಕ್ರಮ ಇದೆ. ಐಸಿಎಫ್ ಸ್ಲೀಪರ್‌ನಲ್ಲಿ 72 ಬರ್ತ್, ಎಂಟೆಂಟರಂತೆ ಒಂಬತ್ತು ವಿಭಾಗ. ಎಲ್ಲವನ್ನೂ ಸಮನಾಗಿ ಚಿಕ್ಕದು ಮಾಡಿದರೆ ಕಿಟಕಿಗಳು ಸಂದಿಗಳಾಗುತ್ತವೆ. ಅದರ ಬದಲು ಕಿಟಕಿಯ ಗಾತ್ರ ಹಾಗೇ ಇಟ್ಟು, ಒಂಬತ್ತು ವಿಭಾಗಗಳಲ್ಲಿ ಎರಡನ್ನೋ ಮೂರನ್ನೋ ತೆಗೆದುಬಿಡುತ್ತಾರೆ. ಎರಡೂ ತುದಿಯ ಬಾಗಿಲು, ಶೌಚಾಲಯದ ಮಬ್ಬು ಗಾಜಿನ ಪುಟ್ಟ ಕಿಟಕಿ ಉಳಿಯಬೇಕು. ನೋಡುವವರು ನಡುವಿನ ಕಿಟಕಿಗಳನ್ನು ಎಣಿಸುವುದಿಲ್ಲ. ಆದರೆ ತುದಿಯ ಆ ಮಬ್ಬು ಕಿಟಕಿ ಇಲ್ಲದಿದ್ದರೆ ಏನೋ ಕಡಿಮೆಯಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಕೊನೆಯ ಬೋಗಿಯ ಬೆನ್ನಿಗೆ ಹಳದಿ ಎಕ್ಸ್ ಗುರುತು ಹಾಕಿದರಂತೂ ನಮ್ಮವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಈಗ ತಿರುವು. ಕಂಪನಿಯ ಮಾಮೂಲಿ ತಿರುವು ಹಳಿಯ ತ್ರಿಜ್ಯ 40 ಸ್ಟಡ್, ಅಂದರೆ 32 ಸೆಂ.ಮೀ. ಹದಿನಾರು ತುಂಡು ಜೋಡಿಸಿದರೆ ಒಂದು ಸುತ್ತು. ನಮ್ಮ 1:51 ಪ್ರಮಾಣದಲ್ಲಿ ಇದು ನಿಜದ 16 ಮೀಟರ್ ತ್ರಿಜ್ಯದ ತಿರುವಿಗೆ ಸಮ. ಭಾರತದ ಬ್ರಾಡ್ ಗೇಜ್‌ನಲ್ಲಿ ತೀರಾ ಬಿಗಿಯಾದ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು. ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ! ಯಾವ ನಿಜವಾದ ಬೋಗಿಯೂ ತಿರುಗಲಾರದ ಜಾಗದಲ್ಲಿ ನಮ್ಮ ಬೋಗಿ ತಿರುಗಬೇಕು.

ತಿರುಗುವಾಗ ಏನಾಗುತ್ತದೆ? ಬೋಗಿಯ ಕೆಳಗೆ ಎರಡು ಚಕ್ರದ ಚೌಕಟ್ಟುಗಳು ಹಳಿಯ ಮೇಲೆ ಇರುತ್ತವೆ. ಅವುಗಳ ನಡುವಿನ ಮೈ ನೇರ ಕೋಲಿನ ಹಾಗೆ ತಿರುವನ್ನು ಅಡ್ಡಹಾಯುತ್ತದೆ. ಪೂರ್ತಿ ಉದ್ದದ ಐಸಿಎಫ್ ಬೋಗಿಯಲ್ಲಿ ಆ ಎರಡು ಚೌಕಟ್ಟುಗಳ ನಡುವೆ ಸುಮಾರು 36 ಸ್ಟಡ್ ದೂರ ಬರುತ್ತದೆ. 40ರ ತಿರುವಿನಲ್ಲಿ ಬೋಗಿಯ ನಡುಭಾಗ ಹಳಿಯ ನಡುವಿನಿಂದ ನಾಲ್ಕು ಸ್ಟಡ್‌ಗಿಂತ ಹೆಚ್ಚು ಒಳಕ್ಕೆ ಸರಿಯುತ್ತದೆ. ಹಳಿಯ ಕೆಳಗಿನ ಅಡ್ಡಪಟ್ಟಿಗಳ ಅಂಚನ್ನೂ ದಾಟಿ ಬೋಗಿಯ ಅರ್ಧ ಮೈ ಗಾಳಿಯಲ್ಲಿ. ಪಕ್ಕದ ಸಿಗ್ನಲ್ ಕಂಬ, ಪ್ಲಾಟ್‌ಫಾರಂ ಅಂಚು ಎಲ್ಲಕ್ಕೂ ಬಡಿಯುತ್ತದೆ. ಅದೇ ಬೋಗಿ 104 ಸ್ಟಡ್ ತ್ರಿಜ್ಯದ ತಿರುವಿನಲ್ಲಿ ಒಂದೂವರೆ ಸ್ಟಡ್ ಮಾತ್ರ ಸರಿಯುತ್ತದೆ. ಇಂತಹ ದೊಡ್ಡ ತಿರುವಿನ ಹಳಿಗಳನ್ನು ಬೇರೆ ಸಣ್ಣ ತಯಾರಕರು ಮಾಡಿ ಮಾರುತ್ತಾರೆ. 56, 72, 88, 104, 120 ಹೀಗೆ ಹದಿನಾರರ ಮೆಟ್ಟಿಲಲ್ಲಿ ಸಿಗುತ್ತವೆ. ಒಂದು ಹಳಿಯ ಪಕ್ಕ ಇನ್ನೊಂದು ಹಳಿ ಹಾಕಿದಾಗ ನಡುವೆ ಹದಿನಾರು ಸ್ಟಡ್ ಅಂತರ ಸರಿಯಾಗಿ ಕೂರಲಿ ಅಂತ ಈ ಮೆಟ್ಟಿಲು.

ಅದಕ್ಕೇ ರೈಲಿನ ಫೋಟೊ ನೋಡಿದ ಅನುಭವಿಗಳು ಮೊದಲು ಕೇಳುವುದು "ಇದು ಯಾವ ತಿರುವಿನಲ್ಲಿ ಓಡುತ್ತದೆ?" ಅಂತ. ಮನೆಯ ಕಪಾಟಿನಲ್ಲಿ ನಿಲ್ಲಿಸಲು ಕಟ್ಟಿದ್ದಾದರೆ ಪೂರ್ತಿ ಉದ್ದ ಇರಲಿ, ತೊಂದರೆ ಇಲ್ಲ. ಮಾಮೂಲಿ ಹಳಿಯಲ್ಲಿ ಮಕ್ಕಳ ಜೊತೆ ಓಡಿಸುವುದಾದರೆ 36–40 ಸ್ಟಡ್ ಒಳಗೆ ನಿಲ್ಲಿಸಬೇಕು. ಎರಡಕ್ಕೂ ಒಂದೇ ಅಳತೆಗೋಲು ಹಿಡಿದು ಮಾತಾಡುವುದು ಅನ್ಯಾಯ.

ಉಗಿಬಂಡಿಯಲ್ಲಿ ಇನ್ನೊಂದು ತೊಡಕು. ದೊಡ್ಡ ಚಕ್ರಗಳು ಒಂದೇ ಚೌಕಟ್ಟಿನಲ್ಲಿ ಸಾಲಾಗಿ ಕೂತಿರುತ್ತವೆ, ತಿರುವಿನಲ್ಲಿ ಬಾಗುವುದಿಲ್ಲ. ಆದ್ದರಿಂದ ಮೂರು ಜೊತೆ ಇದ್ದರೆ ನಡುವಿನ ಜೊತೆಗೆ ಅಂಚಿಲ್ಲದ ಚಕ್ರ ಹಾಕುತ್ತಾರೆ. ಇನ್ನು ಬ್ಯಾಟರಿ. ಆರು ಸಣ್ಣ ಎಎಎ ಸೆಲ್ ಹಿಡಿಸುವ ಡಬ್ಬಿ ನಾಲ್ಕು ಸ್ಟಡ್ ಅಗಲ, ಎಂಟು ಸ್ಟಡ್ ಉದ್ದ ಇರುತ್ತದೆ. ಪುಟ್ಟ ಇಂಜಿನಿನ ಹೊಟ್ಟೆಯಲ್ಲಿ ಅದು ಹಿಡಿಯುವುದಿಲ್ಲ. ಹಾಗಾಗಿ ಹಿಂದಿನ ಕಲ್ಲಿದ್ದಲ ಗಾಡಿಯಲ್ಲೋ ಮೊದಲ ಬೋಗಿಯಲ್ಲೋ ಅಡಗಿಸುತ್ತಾರೆ. 2023ರಲ್ಲಿ ಅಭಿಮಾನಿಯೊಬ್ಬರ ವಿನ್ಯಾಸ ಆಧರಿಸಿ ಕಂಪನಿ ಓರಿಯಂಟ್ ಎಕ್ಸ್‌ಪ್ರೆಸ್ ಸೆಟ್ ತಂದಾಗ ರೈಲು ಪ್ರಿಯರಿಂದ ಬಂದ ದೊಡ್ಡ ದೂರು ಇದೇ. ನೋಡಲು ಅಷ್ಟು ಚೆಂದ, ಆದರೆ ಮೋಟಾರು ಹಾಕಿ ಓಡಿಸಲು ಮಾಡಿದ್ದಲ್ಲ. ಆ ದೂರು ನನಗೆ ಸರಿ ಅನ್ನಿಸುತ್ತದೆ. ಹಳಿಯ ಮೇಲೆ ಇಟ್ಟು ಮಾರಿದ ರೈಲು ಓಡಬೇಕು.

ಗೋಡೆಗೆ ನೆರಳು ಬೇಕು

ಕಟ್ಟಡಗಳ ಕಡೆ ಬಂದರೆ 2007 ಮುಖ್ಯ ವರ್ಷ. ಆ ವರ್ಷ ಕೆಫೆ ಕಾರ್ನರ್ ಅನ್ನುವ ಸೆಟ್ ಬಂತು. ಅದನ್ನು ವಿನ್ಯಾಸ ಮಾಡಿದ ಜೇಮಿ ಬೆರಾರ್ಡ್ ಸ್ವತಃ ಅಮೆರಿಕದ ಹವ್ಯಾಸಿಯಾಗಿದ್ದು ಆಮೇಲೆ ಕಂಪನಿ ಸೇರಿದವರು. 32 ಸ್ಟಡ್ ಅಗಲದ ಹಲಗೆ, ಮಹಡಿ ಮಹಡಿಯಾಗಿ ಎತ್ತಿಡಬಹುದಾದ ಕಟ್ಟಡ, ಪಕ್ಕದ ಕಟ್ಟಡಕ್ಕೆ ಪಿನ್ನಿನಿಂದ ಜೋಡಿಸುವ ವ್ಯವಸ್ಥೆ. ಯಾರೇ ಕಟ್ಟಿದರೂ ಒಂದೇ ಬೀದಿಯಲ್ಲಿ ಕೂರಿಸಬಹುದು. ಪ್ರದರ್ಶನಗಳಲ್ಲಿ ಹತ್ತಾರು ಜನರ ಕಟ್ಟಡಗಳು ಒಂದೇ ಪೇಟೆಯಾಗಿ ನಿಲ್ಲುವುದಕ್ಕೆ ಇಂತಹ ಸಾಮಾನ್ಯ ಅಳತೆಯೇ ಕಾರಣ.

ಹೊಸಬರ ಕಟ್ಟಡದಲ್ಲಿ ಎದ್ದು ಕಾಣುವ ಕೊರತೆ ಒಂದೇ. ಗೋಡೆ, ಕಿಟಕಿ, ಬಾಗಿಲು ಎಲ್ಲ ಒಂದೇ ಮಟ್ಟದಲ್ಲಿ ಸಪಾಟಾಗಿ ಇರುತ್ತವೆ. ನಿಜವಾದ ಕಟ್ಟಡದಲ್ಲಿ ಕಿಟಕಿ ಒಳಗಿರುತ್ತದೆ, ಸಜ್ಜೆ ಹೊರಗೆ ಚಾಚಿರುತ್ತದೆ, ಮೂಲೆಗಂಬ ಒಂದಿಷ್ಟು ಮುಂದಿರುತ್ತದೆ. ಅದರಿಂದ ನೆರಳು ಬೀಳುತ್ತದೆ. ನೆರಳೇ ಕಟ್ಟಡಕ್ಕೆ ಕಳೆ ಕೊಡುವುದು. ಒಂದು ಸ್ಟಡ್ ದಪ್ಪದ ಗೋಡೆ ಅಂದರೆ 1:42ರಲ್ಲಿ 34 ಸೆಂ.ಮೀ., ನಮ್ಮ ಒಂಬತ್ತು ಇಂಚಿನ ಗೋಡೆಗಿಂತ ದಪ್ಪ. ಕಿಟಕಿಯನ್ನು ಪೂರ್ತಿ ಒಂದು ಸ್ಟಡ್ ಒಳಕ್ಕೆ ತಳ್ಳಿದರೆ ಕೋಟೆಯ ಹಾಗೆ ಕಾಣುತ್ತದೆ. ಅರ್ಧ ಸ್ಟಡ್ ಸಾಕು. ಅದಕ್ಕೆ ಜಂಪರ್ ಅನ್ನುವ ಪ್ಲೇಟ್ ಇದೆ. ಎರಡು ಸ್ಟಡ್ ಜಾಗದಲ್ಲಿ ನಡುವೆ ಒಂದೇ ಸ್ಟಡ್ ಇರುವ ತುಂಡು. ಅದರ ಮೇಲೆ ಕೂರಿಸಿದ್ದು 4 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಇಷ್ಟು ಸಣ್ಣ ತುಂಡು ಇಡೀ ಮುಂಭಾಗವನ್ನೇ ಬದಲಿಸುತ್ತದೆ.

ಇದಕ್ಕಿಂತ ಜಾಣತನ ಬೇಕಾದದ್ದು ಸ್ನಾಟ್. ಸ್ಟಡ್‌ಗಳು ಮೇಲ್ಮುಖವಾಗಿರದೆ ಪಕ್ಕಕ್ಕೋ ಕೆಳಕ್ಕೋ ತಿರುಗಿರುವಂತೆ ಕಟ್ಟುವ ವಿಧಾನಕ್ಕೆ ಹವ್ಯಾಸಿಗಳು ಇಟ್ಟ ಹೆಸರು. ಪಕ್ಕಕ್ಕೆ ತಿರುಗಿಸಿದ ತಕ್ಷಣ ಆ ಎರಡು ಬೇರೆ ಬೇರೆ ಅಳತೆಗಳು ಎದುರುಬದುರಾಗುತ್ತವೆ. ಎರಡು ಸ್ಟಡ್ ಅಂದರೆ 16 ಮಿ.ಮೀ. ಐದು ಪ್ಲೇಟ್ ಅಂದರೂ 16 ಮಿ.ಮೀ. ಅಂದರೆ ಗೋಡೆಯಲ್ಲಿ ಎರಡು ಸ್ಟಡ್ ಅಗಲದ ಜಾಗ ಬಿಟ್ಟರೆ ಐದು ಪ್ಲೇಟ್‌ಗಳನ್ನು ಅಡ್ಡ ಮಲಗಿಸಿ ತುಂಬಬಹುದು. ಎತ್ತರಕ್ಕೂ ಹೀಗೇ. ಐದು ಬ್ರಿಕ್ ಎತ್ತರ 48 ಮಿ.ಮೀ., ಆರು ಸ್ಟಡ್ ಉದ್ದವೂ 48 ಮಿ.ಮೀ. ಐದು ಬ್ರಿಕ್ ಎತ್ತರದ ಕಿಂಡಿಯಲ್ಲಿ ಆರು ಸ್ಟಡ್ ಉದ್ದದ ಫಲಕ ನಿಲ್ಲಿಸಿದರೆ ಕೂದಲೆಳೆ ಸಂದೂ ಉಳಿಯುವುದಿಲ್ಲ. ಈ ಎರಡು ಸಮೀಕರಣ ಬಾಯಿಗೆ ಬಂದರೆ ಅರ್ಧ ದಾರಿ ಬಂದ ಹಾಗೆ. ಬೋಗಿಯ ಮೈಮೇಲಿನ ತೆಳು ಪಟ್ಟೆ, ಸ್ಟೇಷನ್ನಿನ ಹಳದಿ ಹೆಸರುಫಲಕ ಎಲ್ಲವೂ ಹುಟ್ಟುವುದು ಹೀಗೆಯೇ.

ನಮ್ಮ ಸ್ಟೇಷನ್ ಪ್ಲಾಟ್‌ಫಾರಂಗೆ ಈ ಲೆಕ್ಕ ಬಲು ಚೆನ್ನಾಗಿ ಹೊಂದುತ್ತದೆ. ಭಾರತದಲ್ಲಿ ಎತ್ತರದ ಪ್ಲಾಟ್‌ಫಾರಂ ಹಳಿಯ ತಲೆಯಿಂದ 760ರಿಂದ 840 ಮಿ.ಮೀ. ಮೇಲಿರುತ್ತದೆ. 1:51ರಲ್ಲಿ ಅದು 15ರಿಂದ 16.5 ಮಿ.ಮೀ. ಐದು ಪ್ಲೇಟ್ ಇಟ್ಟರೆ ಮುಗಿಯಿತು.

ಒಂದು ಎಚ್ಚರಿಕೆ. ಇಟ್ಟಿಗೆ ಗೆರೆ ಕೊರೆದಿರುವ ಬ್ರಿಕ್, ಜಾಲರಿಯ ಟೈಲ್ (ತಲೆಯ ಮೇಲೆ ಸ್ಟಡ್ ಇಲ್ಲದ ತೆಳು ತುಂಡು), ಚೀಸ್ ಸ್ಲೋಪ್ ಅನ್ನುವ ಪುಟ್ಟ ಇಳಿಜಾರು ತುಂಡು ಕೈಗೆ ಸಿಕ್ಕಿದ ಮೇಲೆ ಎಲ್ಲ ಕಡೆ ಹಾಕುವ ಆಸೆ ಆಗುತ್ತದೆ. ಹಾಗೆ ಮಾಡಿದರೆ ಕಣ್ಣಿಗೆ ನಿಲ್ಲಲು ಜಾಗ ಇರುವುದಿಲ್ಲ. ಹಂಚಿನ ಮಾಡು ವಿವರದಿಂದ ತುಂಬಿದ್ದರೆ ಕೆಳಗಿನ ಗೋಡೆ ಸಾದಾ ಇರಬೇಕು.

ಬಣ್ಣ, ನಿಯಮ, ಜಗಳ

ಬೇಕಾದ ಆಕಾರದ ತುಂಡು ಬೇಕಾದ ಬಣ್ಣದಲ್ಲಿ ಸಿಗುವುದೇ ಅದೃಷ್ಟ. ಪ್ಲೇಟ್, ಟೈಲ್ ಹತ್ತಾರು ಬಣ್ಣದಲ್ಲಿ ಬರುತ್ತವೆ, ಕಿಟಕಿ ಚೌಕಟ್ಟು, ಬಾಗಿದ ತುಂಡು ಕೆಲವೇ ಬಣ್ಣದಲ್ಲಿ. ಹಾಗಾಗಿ ಎಷ್ಟೋ ಬೋಗಿಗಳ ವಿನ್ಯಾಸ ಶುರುವಾಗುವುದು ಮಾಡಿನ ಬಾಗು ಆ ಬಣ್ಣದಲ್ಲಿ ಸಿಗುತ್ತದೋ ಇಲ್ಲವೋ ಅನ್ನುವುದರಿಂದ. 2004ರ ಹೊತ್ತಿಗೆ ಕಂಪನಿ ತನ್ನ ಬೂದು ಬಣ್ಣವನ್ನೇ ಸ್ವಲ್ಪ ನೀಲಿಗೆ ತಿರುಗಿಸಿತು. ಹಳೆಯ ಬೂದು ಬ್ರಿಕ್‌ಗಳನ್ನು ವರ್ಷಗಟ್ಟಲೆ ಕೂಡಿಟ್ಟವರಿಗೆ ಆದ ಬೇಸರ ಅಷ್ಟಿಷ್ಟಲ್ಲ. ಹಳೆಯದು ಹೊಸದು ಬೆರೆತರೆ ಗೋಡೆ ತೇಪೆ ಹಾಕಿದಂತೆ ಕಾಣುತ್ತದೆ. ಕಂದು ಮತ್ತು ಗಾಢ ಕೆಂಪು ತುಂಡುಗಳಲ್ಲಿ ಕೆಲವು ವರ್ಷದವು ಬೇಗ ಬಿರುಕು ಬಿಡುತ್ತವೆ ಅನ್ನುವುದೂ ಹಳೆಯ ದೂರು.

ಇನ್ನು ನಿಯಮ. ಕಂಪನಿಯ ತುಂಡು ಬಿಟ್ಟು ಬೇರೇನೂ ಬಳಸಬಾರದು, ಕತ್ತರಿಸಬಾರದು, ಅಂಟು ಹಾಕಬಾರದು ಅನ್ನುವವರು ಪ್ಯೂರಿಸ್ಟ್‌ಗಳು. ರೈಲಿನವರು ಸ್ವಲ್ಪ ಸಡಿಲ. ಉಗಿಬಂಡಿಗೆ ಬೇಕಾದಷ್ಟು ಗಾತ್ರದ ಚಕ್ರ ಕಂಪನಿಯಲ್ಲೇ ಇಲ್ಲದಾಗ ಬಿಗ್ ಬೆನ್ ಬ್ರಿಕ್ಸ್‌ನಂತಹ ಸಣ್ಣ ತಯಾರಕರ ಚಕ್ರ ಹಾಕದೆ ಬೇರೆ ದಾರಿ ಇರಲಿಲ್ಲ. ಅದನ್ನು ಬಚ್ಚಿಡದೆ ಹೇಳಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಆದರೆ ತುಂಡುಗಳಿಗೆ ಒತ್ತಡ ಕೊಡುವ ಜೋಡಣೆ ಬೇರೆಯೇ ವಿಷಯ. ಎರಡು ಸ್ಟಡ್‌ಗಳ ನಡುವಿನ ಸಂದು 3.2 ಮಿ.ಮೀ., ಪ್ಲೇಟ್‌ನ ದಪ್ಪವೂ 3.2 ಮಿ.ಮೀ. ಹಾಗಾಗಿ ಪ್ಲೇಟನ್ನು ನಿಲ್ಲಿಸಿ ಆ ಸಂದಿಗೆ ತುರುಕಬಹುದು ಅನ್ನಿಸುತ್ತದೆ. ಹೋಗುತ್ತದೆ ಕೂಡ. ಆದರೆ ಉಸಿರಾಡಲು ಜಾಗವೇ ಇಲ್ಲದೆ ತುಂಡು ಬಾಗುತ್ತದೆ, ಕಾಲ ಕಳೆದಂತೆ ಹಿಡಿತ ಹೋಗುತ್ತದೆ. ಇದನ್ನು ಅಕ್ರಮ ಜೋಡಣೆ ಅನ್ನುತ್ತಾರೆ. ಜೇಮಿ ಬೆರಾರ್ಡ್ 2006ರಲ್ಲೇ ಇಂತಹ ಜೋಡಣೆಗಳನ್ನು ಒಂದೊಂದಾಗಿ ತೋರಿಸಿ ಹವ್ಯಾಸಿಗಳಿಗೆ ವಿವರಿಸಿದ್ದರು.

ಕಂಪ್ಯೂಟರಿನಲ್ಲಿ ಕಟ್ಟುವವರಿಗೆ ಈ ಅಪಾಯ ಜಾಸ್ತಿ. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಎಲ್‌ಡ್ರಾ ಅನ್ನುವ ವ್ಯವಸ್ಥೆ ಮಾಡಿದರು. ಅದರಲ್ಲಿ ಸ್ಟಡ್‌ಗೆ 20 ಮಾನ, ಪ್ಲೇಟ್‌ಗೆ 8, ಬ್ರಿಕ್‌ಗೆ 24. ಎಲ್ಲ ಪೂರ್ಣ ಸಂಖ್ಯೆ, ಲೆಕ್ಕ ಸಲೀಸು. ಅವರು 1997ರಲ್ಲೇ ತೀರಿಕೊಂಡರು, ಎಲ್‌ಡ್ರಾ ಇಂದಿಗೂ ಬಳಕೆಯಲ್ಲಿದೆ. ಆದರೆ ಪರದೆಯ ಮೇಲೆ ಗುರುತ್ವಾಕರ್ಷಣೆ ಇಲ್ಲ. ಅಲ್ಲಿ ನಿಂತ ಗೋಪುರ ಮೇಜಿನ ಮೇಲೆ ಬೀಳಬಹುದು, ಅಲ್ಲಿರುವ ಬಣ್ಣದ ತುಂಡು ಕಾರ್ಖಾನೆಯಲ್ಲಿ ಆಗಿಯೇ ಇರದಿರಬಹುದು. ಹಾಗಾಗಿ ಡಿಜಿಟಲ್ ವಿನ್ಯಾಸವನ್ನು ತೋರಿಸುವಾಗ ಅದು ಡಿಜಿಟಲ್ ಅಂತ ಮೊದಲೇ ಹೇಳಬೇಕು.

ಒಳ್ಳೆಯ ವಿಮರ್ಶೆಗೆ ಫಲವೂ ಇದೆ. 2002ರಲ್ಲಿ ಕಂಪನಿ ಮಾರಿದ ಸಾಂಟಾ ಫೆ ಸೂಪರ್ ಚೀಫ್ ಇಂಜಿನ್ ಅಭಿಮಾನಿಯಾದ ಜೇಮ್ಸ್ ಮ್ಯಾಥಿಸ್ ಅವರ ವಿನ್ಯಾಸ. ಹವ್ಯಾಸಿಗಳ ನಡುವೆ ತೋರಿಸಿ, ತಿದ್ದಿ, ಮತ್ತೆ ಕಟ್ಟುವ ಈ ರೂಢಿಯಿಂದಲೇ ಅಂಥವರು ಬೆಳೆದದ್ದು.

ನೀವು ಕಟ್ಟಿದ್ದಕ್ಕೆ ಅಂಥ ವಿಮರ್ಶೆ ಬೇಕಾದರೆ ಅದಕ್ಕೆ ತಕ್ಕ ಸಾಮಗ್ರಿಯನ್ನೂ ಕೊಡಬೇಕು. ನೀವು ನೋಡಿ ಕಟ್ಟಿದ ನಿಜವಾದ ರೈಲಿನ ಅಥವಾ ಕಟ್ಟಡದ ಫೋಟೊ ಪಕ್ಕದಲ್ಲಿರಲಿ. ಬೋಗಿಯನ್ನು ಮೇಲಿನಿಂದಲ್ಲ, ಗೊಂಬೆಯ ಕಣ್ಣಿನ ಮಟ್ಟದಿಂದ ತೆಗೆಯಿರಿ. ನೇರವಾಗಿ ಪಕ್ಕದಿಂದ ಒಂದು, ತಳದಿಂದ ಒಂದು ಇರಲಿ. ಅಗಲ, ಉದ್ದ, ಓಡುವ ತಿರುವಿನ ತ್ರಿಜ್ಯ ಬರೆಯಿರಿ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುವ ಉತ್ತರ ಬರುತ್ತದೆ, ಅಷ್ಟೇ. "ಏಳು ವಿಭಾಗಕ್ಕೆ ಇಳಿಸಿದ್ದೇನೆ, ಆರಕ್ಕೆ ಇಳಿಸಿದರೆ ಇನ್ನೂ ಸ್ಲೀಪರ್ ಅನ್ನಿಸುತ್ತದಾ?" ಅಂತ ಕೇಳಿ ನೋಡಿ. ಉತ್ತರಕ್ಕೆ ಜನ ಸ್ಕೇಲ್ ಹಿಡಿದು ಕೂರುತ್ತಾರೆ.